ಬೀದಿಯ ಭಯ, ಮನೆಯ ಮೌನ

(ಮಹಿಳಾ ಸಂಘದ ಸಭೆಯಲ್ಲಿ ಆಡಿದ ಮಾತುಗಳು)



ಕತ್ತಲಾಗುವುದರೊಳಗೆ ಬಸ್ಸು ಸಿಗುತ್ತದೆಯೇ? ಜೊತೆಗೆ ಯಾರು ಬರುತ್ತಾರೆ? ಓಣಿಯ ದೀಪ ಉರಿಯುತ್ತದೆಯೇ? ಈ ಲೆಕ್ಕ ಹಾಕದೆ ನಾವು ಯಾರೂ ಹೊಸ್ತಿಲು ದಾಟುವುದಿಲ್ಲ. ನಮ್ಮ ಅಣ್ಣತಮ್ಮಂದಿರು ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. ಈ ವ್ಯತ್ಯಾಸ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಅದನ್ನು ಅನ್ಯಾಯವೆಂದು ಕೂಡ ನಾವು ಕರೆಯುವುದಿಲ್ಲ.

ಅಪರಾಧದ ಭಯವನ್ನು ಕುರಿತು ಅನೇಕ ದೇಶಗಳಲ್ಲಿ ಸಮೀಕ್ಷೆಗಳಾಗಿವೆ. ಬ್ರಿಟನ್ನಿನಲ್ಲಿ ಇವು 1982ರಲ್ಲೇ ಶುರುವಾದವು. ರಾತ್ರಿ ಒಂಟಿಯಾಗಿ ನಡೆಯಲು ಹೆದರುತ್ತೇವೆ ಎನ್ನುವವರಲ್ಲಿ ಹೆಂಗಸರೇ ಹೆಚ್ಚು. ಬೀದಿಯಲ್ಲಿ ಅಪರಿಚಿತರಿಂದ ಹೊಡೆತ ತಿನ್ನುವವರಲ್ಲಿ ಯುವಕರೇ ಹೆಚ್ಚು. ಹಾಗಾದರೆ ಹೆಂಗಸರ ಭಯಕ್ಕೆ ಆಧಾರವಿಲ್ಲ ಎಂದು ಕೆಲವು ವಿದ್ವಾಂಸರು ತೀರ್ಮಾನಿಸಿದರು. ಸ್ತ್ರೀವಾದಿ ಸಂಶೋಧಕಿಯರು ಇದನ್ನು ಒಪ್ಪಲಿಲ್ಲ. ಬಸ್ಸಿನಲ್ಲಿ ಮೈಗೆ ತಾಗುವ ಕೈ, ಹಿಂಬಾಲಿಸಿ ಬರುವ ಸೈಕಲ್ಲು, ಗೋಡೆಗೆ ಒರಗಿ ಆಡುವ ಹೊಲಸು ಮಾತು, ಇವು ಯಾವ ಪೊಲೀಸ್ ಪುಸ್ತಕದಲ್ಲಿ ದಾಖಲಾಗುತ್ತವೆ? ಪರ್ಸು ಕಳೆದುಕೊಳ್ಳುವ ಭಯದ ಹಿಂದೆಯೂ ನಮಗೆ ಅತ್ಯಾಚಾರದ ಭಯವಿದೆ. ಗಂಡಸಿಗೆ ಆ ಭಯವಿಲ್ಲ. ನಮ್ಮ ಭಯ ಭ್ರಮೆಯಲ್ಲ.

ಆದರೆ ಈ ಭಯವನ್ನು ಯಾವ ಕಡೆಗೆ ತಿರುಗಿಸಲಾಗಿದೆ ಎಂಬುದನ್ನು ನಾವು ಕೇಳಬೇಕು. 2021ರಲ್ಲಿ ಜಗತ್ತಿನಲ್ಲಿ ಕೊಲೆಯಾದ ಹೆಂಗಸರು ಮತ್ತು ಹೆಣ್ಣುಮಕ್ಕಳಲ್ಲಿ ಶೇ. 56ರಷ್ಟು ಜನ ಗಂಡ, ಸಂಗಾತಿ ಅಥವಾ ಕುಟುಂಬದವರ ಕೈಯಲ್ಲಿ ಸತ್ತರೆಂದು ವಿಶ್ವಸಂಸ್ಥೆ ಅಂದಾಜು ಮಾಡಿದೆ. ಕೊಲೆಯಾದ ಗಂಡಸರಲ್ಲಿ ಈ ಪ್ರಮಾಣ ಶೇ. 11 ಮಾತ್ರ. ನಮ್ಮ ದೇಶದಲ್ಲಿ 2022ರಲ್ಲಿ ಮಹಿಳೆಯರ ಮೇಲಿನ ಅಪರಾಧಗಳೆಂದು ಸುಮಾರು 4,45,000 ಪ್ರಕರಣಗಳು ದಾಖಲಾದವು. ಅವುಗಳಲ್ಲಿ ಶೇ. 31ಕ್ಕೂ ಹೆಚ್ಚು ಗಂಡ ಮತ್ತು ಅವನ ಸಂಬಂಧಿಕರ ಕ್ರೌರ್ಯದವು. ಎಲ್ಲಕ್ಕಿಂತ ದೊಡ್ಡ ಪಾಲು ಅದೇ. ಕರ್ನಾಟಕದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಜನ ಗಂಡನ ಹಿಂಸೆಯನ್ನು ಕಂಡವರು.

ಬೀದಿಗೆ ಹೆದರಿ ಎಂದು ಹೇಳಿದವರು ಇದನ್ನು ನಮಗೆ ಹೇಳಿದರೆ? ಇಲ್ಲ. ಮಗಳು ಮೈನೆರೆದ ಕೂಡಲೇ ಶಾಲೆ ದೂರವಾಯಿತು ಎನ್ನುತ್ತಾರೆ. ಸಂಜೆ ಪಾಳಿಯ ಕೆಲಸ ಬೇಡ ಎನ್ನುತ್ತಾರೆ. ಕಾಲ ಕೆಟ್ಟಿದೆ, ಬೇಗ ಒಬ್ಬನ ಕೈಗೆ ಒಪ್ಪಿಸಿದರೆ ನೆಮ್ಮದಿ ಎನ್ನುತ್ತಾರೆ. ಆ ನೆಮ್ಮದಿಗಾಗಿ ಸಾಲ ಮಾಡಿ ವರದಕ್ಷಿಣೆ ಕೊಡುತ್ತಾರೆ. ಓದಿಲ್ಲದ, ದುಡಿಮೆಯಿಲ್ಲದ, ಒಬ್ಬಳೇ ಬಸ್ಸು ಹತ್ತಿ ಗೊತ್ತಿಲ್ಲದ ಹುಡುಗಿ ಗಂಡನ ಮನೆಯಲ್ಲಿ ಪೆಟ್ಟು ತಿಂದಾಗ ಎಲ್ಲಿಗೆ ಹೋಗಬೇಕು? ಹೊರಗಿನ ಅಪಾಯದಿಂದ ಕಾಯಲು ಹಾಕಿದ ಬೇಲಿಯೇ ಒಳಗಿನ ಅಪಾಯದಿಂದ ತಪ್ಪಿಸಿಕೊಳ್ಳದಂತೆ ಅವಳನ್ನು ತಡೆಯುತ್ತದೆ.

1990ರ ದಶಕದಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟ ಗಾಯಗಳ ವಾರ್ಡಿಗೆ ಎಳೆಯ ಸೊಸೆಯಂದಿರು ಒಬ್ಬರ ಹಿಂದೊಬ್ಬರು ಬಂದರು. ಎಷ್ಟೋ ಕಾಗದಗಳಲ್ಲಿ 'ಸ್ಟೌ ಸಿಡಿದು' ಎಂದಷ್ಟೇ ಬರೆಯಲಾಯಿತು. ವಿಮೋಚನಾದಂಥ ಸಂಘಟನೆಗಳು ಆ ಸಾವುಗಳ ಬೆನ್ನು ಹತ್ತಿ ಪ್ರಶ್ನೆ ಕೇಳಿದವು. ಅಡುಗೆಮನೆಯಲ್ಲಿ ಸತ್ತವಳು ರಾತ್ರಿ ಒಂಟಿಯಾಗಿ ತಿರುಗಿದವಳಲ್ಲ. ಎಲ್ಲ ಎಚ್ಚರಿಕೆಗಳನ್ನೂ ಪಾಲಿಸಿದವಳು.

ಹಾಗಾದರೆ ಎಚ್ಚರಿಕೆಯೇ ಬೇಡವೆ? ಬೇಕು, ಆದರೆ ಅದರ ಅರ್ಥ ಬದಲಾಗಬೇಕು. ಮಗಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಇರಲಿ. ಅಂಕಪಟ್ಟಿ, ಗುರುತಿನ ಚೀಟಿ, ಒಡವೆಯ ರಸೀದಿ ಅವಳ ಕೈಯಲ್ಲೇ ಇರಲಿ. 181 ಮಹಿಳಾ ಸಹಾಯವಾಣಿ ಅವಳಿಗೆ ಬಾಯಿಪಾಠವಾಗಿರಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಗಂಡನ ಮನೆಯಲ್ಲೇ ವಾಸಿಸುವ ಹಕ್ಕನ್ನು ಅವಳಿಗೆ ಕೊಟ್ಟಿದೆ. ಮದುವೆಗೆ ಮೊದಲೇ ಅದು ಅವಳಿಗೆ ತಿಳಿದಿರಲಿ. ಪಕ್ಕದ ಮನೆಯಿಂದ ಕೂಗು ಕೇಳಿದರೆ ಬಾಗಿಲು ತಟ್ಟೋಣ. ಅದು ಅವರ ಸಂಸಾರದ ವಿಷಯವೆಂದು ಸುಮ್ಮನಾಗುವುದು ಬೇಡ. 'ಹೊಂದಿಕೊಂಡು ಹೋಗು' ಎಂದು ಮಗಳನ್ನು ಮರಳಿ ಕಳಿಸುವ ಮುನ್ನ ತವರಿನವರು ಅವಳ ಮೈಮೇಲಿನ ಗುರುತುಗಳನ್ನು ನೋಡಲಿ.

ಬೀದಿಗೆ ದೀಪ, ರಾತ್ರಿಗೆ ಬಸ್ಸು, ದೂರು ಬರೆದುಕೊಳ್ಳುವ ಠಾಣೆ, ಇವೆಲ್ಲ ಸರ್ಕಾರದ ಹೊಣೆ. ಅದನ್ನು ಕೇಳಲು ನಾವು ಒಬ್ಬೊಬ್ಬರಾಗಿ ಹೆದರಿ ಮನೆಯೊಳಗೆ ಕೂತರೆ ಆಗದು. ಗುಂಪಾಗಿ ಬೀದಿಗೆ ಬರಬೇಕು. ಮನೆಯ ಹಿಂಸೆಯ ಮಾತನ್ನೂ ಅದೇ ಬೀದಿಯಲ್ಲಿ ನಿಂತು ಆಡಬೇಕು.