ಬತ್ತಿಯ ಬಾಯಾರಿಕೆ

ಮನೆಮನೆಗೆ ಹೋಗಿ ಅಟ್ಟದ ಮೇಲಿನ ಲಾಟೀನು, ಸ್ಟೌಗಳನ್ನು ಕೇಳಿ ತಂದು, ತಿಕ್ಕಿ ತೊಳೆದು ಇಲ್ಲಿ ಜೋಡಿಸಿಟ್ಟಿರುವ ವಿದ್ಯಾರ್ಥಿಗಳೇ,

ಬತ್ತಿಯನ್ನೇ ವಿಷಯವಾಗಿಟ್ಟುಕೊಂಡು ವಸ್ತುಪ್ರದರ್ಶನ ಮಾಡಿದ್ದೇವೆ, ಬಂದು ಉದ್ಘಾಟಿಸಿ ಎಂದು ನೀವು ಕರೆದಾಗ ನನಗೆ ತುಂಬ ಸಂತೋಷವಾಯಿತು. ದೀಪವನ್ನು ಹೊಗಳುವವರು ಬಹಳ. ಎಣ್ಣೆಯನ್ನು ಹೊತ್ತು ಮೇಲಕ್ಕೆ ತರುವ ಬತ್ತಿಯತ್ತ ಕಣ್ಣು ಹಾಯಿಸುವವರು ಕಡಿಮೆ.

ಹತ್ತಿಯ ಎಳೆಗಳ ನಡುವೆ ಬಲು ಸಣ್ಣ ಸಂದುಗಳಿರುತ್ತವೆ. ಎಣ್ಣೆ ಎಳೆಗೆ ಅಂಟಿಕೊಂಡು, ತನ್ನ ಮೇಲ್ಮೈ ಎಳೆತದ ಬಲದಿಂದ ಆ ಸಂದುಗಳಲ್ಲಿ ಏರುತ್ತದೆ. ಪಠ್ಯಪುಸ್ತಕದಲ್ಲಿ ನೀವು ಓದಿರುವ ಕೇಶಾಕರ್ಷಣೆ ಇದೇ. ಕೊಳವೆ ಸಪೂರವಾದಷ್ಟೂ ದ್ರವ ಎತ್ತರಕ್ಕೆ ಏರುತ್ತದೆ ಎಂಬ ನಿಯಮವನ್ನು 1718ರಲ್ಲಿ ಹೇಳಿದವರು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜೂರಿನ್. 1 ಮಿಲಿಮೀಟರ್ ಒಳವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ; ಒಳವ್ಯಾಸ ಅದರ ಹತ್ತನೇ ಒಂದು ಭಾಗವಾದರೆ 30 ಸೆಂಟಿಮೀಟರ್. ಆದರೆ ಏರುವ ಎತ್ತರ ಬೇರೆ, ಏರುವ ವೇಗ ಬೇರೆ. ಸಂದು ಕಿರಿದಾದರೆ ಎತ್ತರ ಹೆಚ್ಚು, ವೇಗ ಕಡಿಮೆ. ದ್ರವ ಮಂದವಾಗಿದ್ದರೆ ಇನ್ನೂ ನಿಧಾನ. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ವೇಗದ ಸುತ್ತಲೇ ಇದೆ.

ಉರಿಯುವುದು ಬತ್ತಿ ತಂದುಕೊಟ್ಟ ಎಣ್ಣೆಯ ಆವಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯನ್ನು ಎದುರಿಗಿಟ್ಟುಕೊಂಡು ಎಳೆಯರಿಗೆ ಇದನ್ನೇ ತೋರಿಸಿಕೊಟ್ಟರು. ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾದವು. ಎಣ್ಣೆ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಒದ್ದೆಯಾಗಿರುವ ತನಕ ಬತ್ತಿ ಬಹುಪಾಲು ಉಳಿದುಕೊಳ್ಳುತ್ತದೆ. ಎಣ್ಣೆ ಬರುವುದು ತಡವಾದರೆ ಬತ್ತಿಯೇ ಸುಡತೊಡಗುತ್ತದೆ. ಹಣತೆಯಲ್ಲಿ ಎಣ್ಣೆ ಮುಗಿದ ಮೇಲೆ ಬರುವ ಕಮಟು ವಾಸನೆ ಎಲ್ಲರಿಗೂ ಗೊತ್ತು.

ಎರಡನೆಯ ಮೇಜಿನಲ್ಲಿ ಉರುಟು ಬತ್ತಿಯ ದೀಪಗಳಿವೆ. ಜಿನೀವಾದ ಏಮೆ ಆರ್ಗಾಂಡ್ 1780ರ ದಶಕದಲ್ಲಿ ಬತ್ತಿಯನ್ನು ಟೊಳ್ಳು ಕೊಳವೆಯಾಗಿ ಸುತ್ತಿ, ಗಾಳಿ ಒಳಗಿನಿಂದಲೂ ಹೊರಗಿನಿಂದಲೂ ಸಿಗುವಂತೆ ಮಾಡಿ, ಮೇಲೊಂದು ಗಾಜಿನ ಚಿಮಣಿ ಇಟ್ಟರು. ಪೆಟ್ರೋಮ್ಯಾಕ್ಸ್ ಬಂದಾಗ ಬತ್ತಿಯೇ ಬೇಡವಾಯಿತು. ಪಂಪಿನ ಒತ್ತಡಕ್ಕೆ ಸೀಮೆಎಣ್ಣೆ ಮೇಲೇರಿ, ಕಾದ ಕೊಳವೆಯಲ್ಲಿ ಆವಿಯಾಗಿ, ಮ್ಯಾಂಟಲ್ಲನ್ನು ಬೆಳಗಿಸಿತು.

ಕೊನೆಯ ಮೇಜಿನ ಬಳಿ ನಾನು ಹೆಚ್ಚು ಹೊತ್ತು ನಿಂತೆ. ಅಲ್ಲಿರುವುದು ವೇಪಿಂಗ್ ಟ್ಯಾಂಕಿನ, ಅಂದರೆ ಇ-ಸಿಗರೇಟಿನಲ್ಲಿ ದ್ರವ ತುಂಬುವ ಭಾಗದ, ಅಡ್ಡಸೀಳಿನ ಚಿತ್ರ ಮಾತ್ರ. 2019ರ ಕಾಯ್ದೆ ನಮ್ಮ ದೇಶದಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ದಾಸ್ತಾನುಗಳನ್ನು ನಿಷೇಧಿಸಿದೆ. ವಸ್ತುವನ್ನು ತರದೆ, ಅದರ ಒಳಗನ್ನು ಬಿಡಿಸಿ ತೋರಿಸಿದ್ದೀರಿ. ಅದು ಸರಿಯಾದ ದಾರಿ.

ಹಳೆಯ ಟ್ಯಾಂಕುಗಳ ರಚನೆ ಸರಳ. ನೈಕ್ರೋಮ್ ಅಥವಾ ಕ್ಯಾಂಥಾಲ್ ತಂತಿಯ ಪುಟ್ಟ ಸುರುಳಿ, ರೋಧ ಸುಮಾರು 2 ಓಮ್. ಸುರುಳಿಯ ನಡುವೆ ಸಿಲಿಕಾ ನೂಲಿನ ಬತ್ತಿ. ದ್ರವದಲ್ಲಿ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್, ಸುವಾಸನೆ. ಮೊದಮೊದಲು ಸುರುಳಿ ಮೇಲಿತ್ತು, ಬತ್ತಿಯ ಬಾಲಗಳು ಕೆಳಗೆ ದ್ರವದಲ್ಲಿ ಇಳಿಬಿದ್ದಿದ್ದವು. ದ್ರವದ ಮಟ್ಟ ಇಳಿದಂತೆ ಏರಬೇಕಾದ ದೂರ ಹೆಚ್ಚಿ ಸುರುಳಿ ಒಣಗುತ್ತಿತ್ತು. ಬಳಸುವವರು ಟ್ಯಾಂಕನ್ನು ಆಗಾಗ ವಾಲಿಸಬೇಕಾಗುತ್ತಿತ್ತು. ಆಮೇಲೆ ಸುರುಳಿಯನ್ನು ತಳಕ್ಕೆ ಇಳಿಸಿದರು. ಆಗ ತೊಂದರೆ ತಿರುಗುಮುರುಗಾಯಿತು: ಬತ್ತಿ ಸಡಿಲವಾದರೆ ದ್ರವ ಸುರುಳಿಯ ಗೂಡಿಗೆ ನುಗ್ಗಿ ಗುಳುಗುಳು ಎನ್ನುತ್ತಿತ್ತು, ಬಿಗಿಯಾದರೆ ಮತ್ತೆ ಒಣಗು. ಇನ್ನೊಂದು ಸಂಗತಿ: ಮುಚ್ಚಿದ ಟ್ಯಾಂಕಿನಿಂದ ದ್ರವ ಹೊರಟಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಆ ಗುಳ್ಳೆಗಳು ಬತ್ತಿಯ ಬಾಯಿಯಿಂದಲೇ ಒಳಹೋಗಬೇಕಿತ್ತು. ದಾರಿ ಕಟ್ಟಿಕೊಂಡರೆ ಟ್ಯಾಂಕು ತುಂಬಿದ್ದೂ ಬತ್ತಿಗೆ ಬಾಯಾರಿಕೆ.

ಕೊಠಡಿಯ ಉಷ್ಣತೆಯಲ್ಲಿ ಗ್ಲಿಸರಿನ್ನಿನ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಅಂಥ ಮಂದ ದ್ರವ ಸೆಕೆಂಡುಗಳಲ್ಲಿ ಮೇಲೇರಬೇಕು. ಬತ್ತಿ ಒದ್ದೆಯಾಗಿರುವ ತನಕ ಸುರುಳಿಯ ಬಿಸಿ ದ್ರವದ ಕುದಿಬಿಂದುವಿನ ಸುತ್ತಮುತ್ತ ನಿಲ್ಲುತ್ತದೆ. ಪ್ರೊಪಿಲೀನ್ ಗ್ಲೈಕಾಲ್ ಕುದಿಯುವುದು 188 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗ್ಲಿಸರಿನ್ 290ರಲ್ಲಿ. ಒಣಗಿತೋ, ಬಿಸಿಗೆ ಕಡಿವಾಣವಿಲ್ಲ. ಗ್ಲಿಸರಿನ್ ಒಡೆದು ಅಕ್ರೋಲಿನ್ ಆಗುತ್ತದೆ. ಬಾಣಲೆಯಲ್ಲಿ ಎಣ್ಣೆ ಕರಟಿದಾಗ ಕಣ್ಣು ಮೂಗು ಉರಿಸುವ ಘಾಟಿನಲ್ಲೂ ಅದೇ ವಸ್ತುವಿದೆ. ಜೊತೆಗೆ ಫಾರ್ಮಾಲ್ಡಿಹೈಡ್. ಮುಂದೆ ಸಿಲಿಕಾದ ಬದಲು ಹತ್ತಿ ಬಂದಾಗ ಬತ್ತಿಯೂ ಸುಟ್ಟು ಕರಿಯಾಗತೊಡಗಿತು.

ಲೆಕ್ಕ ಪ್ರೀತಿಸುವವರಿಗೆ ಒಂದು ಮಾತು. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ ಟ್ಯಾಂಕನ್ನು 3.3 ವೋಲ್ಟ್‌ನಲ್ಲೂ 5 ವೋಲ್ಟ್‌ನಲ್ಲೂ ನಡೆಸಿ ನೋಡಿದರು. ಕಡಿಮೆ ವೋಲ್ಟ್‌ನಲ್ಲಿ ಕಾಣದ ಫಾರ್ಮಾಲ್ಡಿಹೈಡ್‌ಜನ್ಯ ಸಂಯುಕ್ತಗಳು 5 ವೋಲ್ಟ್‌ನಲ್ಲಿ ಕಂಡವು. ಅಷ್ಟು ಬಿಸಿಗೆ ಬತ್ತಿ ಒಣಗಿ ಹೋಗುತ್ತದೆ, ಆ ಕಹಿಯನ್ನು ಯಾರೂ ಎಳೆಯಲಾರರು ಎಂಬ ಆಕ್ಷೇಪ ಬಂತು. ವೋಲ್ಟೇಜ್ ಒಂದೂವರೆ ಪಟ್ಟು ಏರಿದ್ದಷ್ಟೇ ಎಂದುಕೊಳ್ಳಬೇಡಿ. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣ: 2 ಓಮ್ ಸುರುಳಿಯಾದರೆ ಸುಮಾರು 5.4 ವಾಟ್ ಇದ್ದದ್ದು 12.5 ವಾಟ್ ಆಗುತ್ತದೆ. ಬತ್ತಿಯ ವೇಗ ಮಾತ್ರ ಆ ಲೆಕ್ಕಕ್ಕೆ ಏರುವುದಿಲ್ಲ.

ಅದು ಬರೀ ನೀರಿನ ಆವಿ ಎಂದು ನಿಮ್ಮ ವಯಸ್ಸಿನವರಿಗೆ ಯಾರಾದರೂ ಹೇಳಿದರೆ, ಆ ಚಿತ್ರದ ಮುಂದೆ ಕರೆತನ್ನಿ. ಬತ್ತಿ ಚೆನ್ನಾಗಿ ಒದ್ದೆಯಾಗಿದ್ದರೂ ಒಳಗೆ ಹೋಗುವುದರಲ್ಲಿ ನಿಕೋಟಿನ್ ಇದೆ, ಸುರುಳಿಯ ಲೋಹ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ ಆ ಹಬೆಯಲ್ಲಿ ನಿಕಲ್, ಕ್ರೋಮಿಯಂ, ಸೀಸಗಳನ್ನು ಗುರುತಿಸಿದ್ದಾರೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಶ್ವಾಸಕೋಶದ ಮೇಲಿನ ಕಾಳಜಿಯಿಂದ ಹೇಳುತ್ತಿದ್ದೇನೆ.

ಪ್ರದರ್ಶನ ಉದ್ಘಾಟನೆಗೊಂಡಿದೆ ಎಂದು ಸಂತೋಷದಿಂದ ಸಾರುತ್ತೇನೆ. ಮೊದಲ ಮೇಜಿನಲ್ಲಿ ಹತ್ತಿಯ ಮೂರು ಪಟ್ಟಿಗಳನ್ನು ನೀರು, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್ ಬಟ್ಟಲುಗಳಲ್ಲಿ ಈಗ ಅದ್ದುತ್ತಾರೆ. ನೀರಿನ ಪಟ್ಟಿಯನ್ನು ಎದುರಿಗೇ ನಿಂತು ನೋಡಿ. ಗ್ಲಿಸರಿನ್ ಎಷ್ಟು ಏರಿದೆ ಎಂದು ಊಟ ಮುಗಿಸಿ ಬಂದು ಗುರುತು ಹಾಕಿ.