ಸೈನ್ಯದ ಹಾಜರಿ ಪುಸ್ತಕದಲ್ಲಿ ನಮ್ಮ ಹಿರಿಯರು

(ಉಪ್ಪಲ್‌ನಲ್ಲಿ ಕೂಡಿದ್ದ ಕನ್ನಡ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನು ಹತ್ತು ವರ್ಷ ದುಡಿದರೂ ದುಡಿದವನಲ್ಲ. ಇದು ಗಿರಣಿಯವರಿಗೂ ಗೊತ್ತು, ಹೋಟೆಲಿನವರಾದ ನಮಗೂ ಗೊತ್ತು. ಪ್ರಾವಿಡೆಂಟ್ ಫಂಡಿನ ನಂಬರು ಕಳೆದುಹೋದರೆ ಎಷ್ಟು ಬಾಗಿಲು ತಟ್ಟಬೇಕೆಂದು ನಿಮಗೆ ಹೇಳಬೇಕಾಗಿಲ್ಲ. ನಾವು ಈ ದಿನ ಹೇಳಹೊರಟಿರುವುದೂ ಒಂದು ಹಾಜರಿ ಪುಸ್ತಕದ ಮಾತೇ. ಆದರೆ ಅದು ಸೈನ್ಯದ್ದು.

ನಮ್ಮಲ್ಲಿ ಅನೇಕರ ಮನೆಯಲ್ಲಿ ಅಜ್ಜನೋ, ದೊಡ್ಡಪ್ಪನೋ, ಸೋದರಮಾವನೋ ಮಿಲಿಟರಿಯಲ್ಲಿದ್ದು ಈಗ ತೀರಿಹೋಗಿದ್ದಾರೆ. ಯಾವ ದಳ, ಎಷ್ಟು ವರ್ಷ, ಯಾವ ಕೆಲಸ ಎಂದು ಕೇಳಿದರೆ ಮನೆಯವರಿಗೆ ತಿಳಿಯದು. ಹುಡುಕಿದರೆ ತಿಳಿಯುತ್ತದೆ ಎಂಬುದೂ ಬಹಳ ಮಂದಿಗೆ ತಿಳಿಯದು.

ಈ ಊರಿಗೂ ನಮ್ಮ ನಾಡಿಗೂ ಸೈನ್ಯದ ನಂಟು ಹಳೆಯದು. ಮೊದಲನೆಯ ಮಹಾಯುದ್ಧದಲ್ಲಿ ಹೈದರಾಬಾದ್, ಮೈಸೂರು, ಜೋಧಪುರ ಸಂಸ್ಥಾನಗಳ ಕುದುರೆ ದಳಗಳು ಒಂದೇ ಬ್ರಿಗೇಡಿನಲ್ಲಿದ್ದವು. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರ, ಮೈಸೂರು ದಳದವರು ಹೈಫಾ ಪಟ್ಟಣವನ್ನು ಗೆದ್ದರು. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸವಾರರ ನೆನಪಿಗೆ ೧೯೨೨ರಲ್ಲಿ ಮಾಡಿಸಿದವು.

ಪ್ರತಿಮೆ ದಾರಿಹೋಕರಿಗೆಲ್ಲ ಕಾಣುತ್ತದೆ. ಕುದುರೆಗೆ ಹುಲ್ಲು ಹಾಕಿದವನು, ಲಂಗರಿನಲ್ಲಿ ರೊಟ್ಟಿ ಸುಟ್ಟವನು ಕಾಣುವುದು ಕಾಗದದಲ್ಲಿ ಮಾತ್ರ. ಕಲ್ಲಿನ ಮೇಲೂ ಎಲ್ಲರಿಗೂ ಸಮನಾದ ಜಾಗ ಸಿಕ್ಕಲಿಲ್ಲ. ಇರಾಕಿನ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿದರು. ಸಾವಿರಾರು ಭಾರತೀಯ ಸಿಪಾಯಿಗಳಿಗೆ ‘ಇಷ್ಟು ಮಂದಿ’ ಎಂಬ ಲೆಕ್ಕ ಮಾತ್ರ. ಇಂಥ ತಾರತಮ್ಯಕ್ಕಾಗಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗವು ೨೦೨೧ರಲ್ಲಿ ಕ್ಷಮೆ ಕೇಳಿತು. ಅಂದಮೇಲೆ ನಮ್ಮವರ ಹೆಸರನ್ನು ನಾವೇ ಹುಡುಕದೆ ಇನ್ನಾರು ಹುಡುಕಬೇಕು?

ಕುಂದಾಪುರದ ಕಡೆಯ ನಮ್ಮ ದೊಡ್ಡಪ್ಪ ಸೈನ್ಯದಲ್ಲಿ ಅಡುಗೆಯವರಾಗಿದ್ದರು. ‘ಅಲ್ಲಿಯೂ ಸೌಟು ಹಿಡಿದವನೇ’ ಎಂದು ನೆಂಟರು ನಗುತ್ತಿದ್ದರು. ಊರಿನವರು ಮಾತ್ರ ಚೀನಾ ಯುದ್ಧಕ್ಕೆ ಹೋದವರೆಂದು ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಳಿದದ್ದು ಒಂದು ಟ್ರಂಕು, ಒಂದು ಪದಕ. ಪದಕದ ಅಂಚಿನಲ್ಲಿ ನಂಬರು, ಹೆಸರು ಒತ್ತಿರುತ್ತಾರೆ. ಆದರೆ ದೊಡ್ಡಮ್ಮ ಹಬ್ಬಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ಅದನ್ನು ಬೆಳಗಿದ್ದರು. ಕೊನೆಯ ಎರಡು ಅಂಕೆ ಸವೆದುಹೋಗಿದ್ದವು. ಪೂರ್ತಿ ನಂಬರು ಸಿಕ್ಕಿದ್ದು ಹಳೆಯ ಇನ್‌ಲ್ಯಾಂಡ್ ಪತ್ರವೊಂದರ ಹಿಂಬದಿಯಲ್ಲಿ.

ಅರ್ಜಿ ಹಾಕಿದೆವು. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬದೆ ಬಂದವರ ಕಡತಗಳನ್ನು ೨೫ ವರ್ಷ ಇಟ್ಟು ಆಮೇಲೆ ನಾಶ ಮಾಡುವುದು ಸೈನ್ಯದ ನಿಯಮ. ದೊಡ್ಡಪ್ಪನದೂ ಹಾಗೆಯೇ ಹೋಗಿತ್ತು. ಆದರೆ ಲಾಂಗ್ ರೋಲ್ ಎಂಬ ದೊಡ್ಡ ಪಟ್ಟಿ ಉಳಿದಿತ್ತು. ಅದರಿಂದ ನಾಲ್ಕು ಸಾಲು ಬಂದವು: ಹೆಸರು, ತಂದೆಯ ಹೆಸರು, ಗ್ರಾಮ; ೧೯೬೩ರ ಮಾರ್ಚಿಯಲ್ಲಿ ಸೇರಿದ್ದು; ೧೯೭೦ರಲ್ಲಿ ಬಿಟ್ಟದ್ದು; ಕೆಲಸ ಅಡುಗೆ.

ಓದಿ ಹೇಳಿದೆವು. ಚೀನಾ ಯುದ್ಧ ೧೯೬೨ರ ನವೆಂಬರಿನಲ್ಲೇ ನಿಂತಿತ್ತು. “ಹಂಗಾರೆ ಯುದ್ಧಕ್ಕೆ ಹೋದ್ದು ಸುಳ್ಳಾ ಮಗಾ?” ಎಂದರು ದೊಡ್ಡಮ್ಮ. ಪದಕವನ್ನು ಮತ್ತೆ ನೋಡಿದೆವು. ಅದು ೧೯೬೫ರ ರಕ್ಷಾ ಪದಕ. ಆ ವರ್ಷ ಪಾಕಿಸ್ತಾನದೊಡನೆ ಯುದ್ಧವಾದಾಗ ಸೇವೆಯಲ್ಲಿದ್ದವರಿಗೆ ಕೊಟ್ಟದ್ದು. ಊರಿನವರ ಮಾತು ತಪ್ಪಿತ್ತು, ದೊಡ್ಡಪ್ಪನ ಸೇವೆ ಸುಳ್ಳಾಗಿರಲಿಲ್ಲ. ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವ್ರ ಅಪ್ಪಯ್ಯನ ಹೆಸ್ರು ಸಮ ಬರ್ದಿದ್ರಾ?” ಎಂದು ಕೇಳಿದರು. ಸರಿಯಾಗಿಯೇ ಬರೆದಿದ್ದರು. ನೆಂಟರ ನಗೆ ಅಲ್ಲಿಗೆ ನಿಂತಿತು.

ಈಗ ನೀವು ಮಾಡಬೇಕಾದ್ದು. ಮೊದಲು ಟ್ರಂಕು ತೆಗೆಯಿರಿ. ಬಿಡುಗಡೆ ಪುಸ್ತಕ, ಮನಿಯಾರ್ಡರ್ ಚೀಟಿ, ಹಳೆಯ ಪತ್ರ, ಟೋಪಿಯ ಬಿಲ್ಲೆ ಕಾಣುವ ಫೋಟೋ, ಯಾವುದನ್ನೂ ಎಸೆಯಬೇಡಿ. ಪದಕವನ್ನು ಉಜ್ಜಬೇಡಿ. ನಂಬರು ಮತ್ತು ದಳದ ಹೆಸರು, ಇವೆರಡು ಸಿಕ್ಕರೆ ಅರ್ಧ ಕೆಲಸವಾಯಿತು.

ಎರಡನೆಯದಾಗಿ, ದಳಕ್ಕೊಂದು ದಾಖಲೆ ಕಛೇರಿ ಇದೆ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್ನಿನಲ್ಲಿ, ಮದ್ರಾಸ್ ಸ್ಯಾಪರ್ಸ್‌ನದು ಬೆಂಗಳೂರಿನಲ್ಲಿ, ಮರಾಠಾ ಲಘು ಪದಾತಿ ದಳದ್ದು ಬೆಳಗಾವಿಯಲ್ಲಿ. ಮದ್ದುಗುಂಡು, ಸಾಮಾನು ಸರಬರಾಜಿನ ಆರ್ಡನೆನ್ಸ್ ದಳ, ಯಂತ್ರ ರಿಪೇರಿಯ ಇ.ಎಂ.ಇ. ದಳ, ಇವೆರಡರದೂ ಇಲ್ಲೇ ಸಿಕಂದರಾಬಾದಿನಲ್ಲಿವೆ. ಮರಣ ಪತ್ರ, ನೀವು ವಾರಸುದಾರರೆಂಬ ಕಾಗದ ಇವುಗಳ ನಕಲು ಇಟ್ಟು ಬರೆಯಿರಿ. ಮೂಲ ಕಾಗದವನ್ನು ಯಾರ ಕೈಗೂ ಕೊಡಬೇಡಿ. ಜಿಲ್ಲೆಯ ಸೈನಿಕ ಕಲ್ಯಾಣ ಕಛೇರಿಯಲ್ಲಿಯೂ ವಿಚಾರಿಸಬಹುದು. ಉತ್ತರ ಬಾರದಿದ್ದರೆ ೨೦೦೫ರ ಮಾಹಿತಿ ಹಕ್ಕಿನ ಕಾಯಿದೆ ಇದೆ. ಅರ್ಜಿಯ ಶುಲ್ಕ ೧೦ ರೂಪಾಯಿ.

ಮೂರನೆಯದಾಗಿ, ಎರಡು ಮಹಾಯುದ್ಧಗಳಲ್ಲಿ ಮಡಿದವರಿದ್ದರೆ ಆಗಲೇ ಹೇಳಿದ ಸಮಾಧಿ ಆಯೋಗದ ಪಟ್ಟಿಯನ್ನು ಫೋನಿನಲ್ಲೇ ಪುಕ್ಕಟೆಯಾಗಿ ನೋಡಬಹುದು. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಶೆಟ್ಟಿ, ಸೆಟ್ಟಿ, ಚೆಟ್ಟಿ ಎಂದು ಎಲ್ಲ ಬಗೆಯಲ್ಲಿಯೂ ಹುಡುಕಿರಿ. ಸಂಸ್ಥಾನದ ಸೈನ್ಯದಲ್ಲಿದ್ದವರಾದರೆ ಮೈಸೂರಿನ ಹಳೆಯ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರವಿದೆ. ನಿಜಾಮರ ಕಾಲದ ಕಡತಗಳ ಪತ್ರಾಗಾರ, ಉಪ್ಪಲ್‌ನಿಂದ ಹೊರಟು ಹಬ್ಸಿಗುಡ ದಾಟಿದರೆ ತಾರ್ನಾಕದಲ್ಲಿದೆ. ಆ ಕಡತಗಳಲ್ಲಿ ಉರ್ದು ಬಹಳ. ಬಲ್ಲ ಗೆಳೆಯರನ್ನು ಜೊತೆಗೆ ಕರೆದೊಯ್ಯಿರಿ.

ಕಡತ ಸುಡುವುದಕ್ಕೆ ೨೫ ವರ್ಷದ ನಿಯಮವಾದರೂ ಉಂಟು. ಮನುಷ್ಯರ ನೆನಪಿಗೆ ಅಷ್ಟು ವಾಯಿದೆಯೂ ಇಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿ, ದೊಡ್ಡಮ್ಮ, ಅತ್ತೆಯರ ಬಳಿ ಕುಳಿತು ಕೇಳಿರಿ, ಕೇಳಿದ್ದನ್ನು ಬರೆದಿಟ್ಟುಕೊಳ್ಳಿರಿ. ಅರ್ಜಿ ಬರೆಯಲು ಬಾರದವರು ನಿಮ್ಮ ವಾರದ ರಜೆಯ ದಿನ ಸಂಘದ ಕೋಣೆಗೆ ಬನ್ನಿರಿ; ಎಲ್ಲರೂ ಕುಳಿತು ಬರೆಯೋಣ.