ಬ್ರೆಡ್ಡಿನೊಳಗಿನ ಉಪ್ಪು

ನನ್ನ ಮುಂದೆ ಎರಡು ತಟ್ಟೆ ಇವೆ. ಒಂದರಲ್ಲಿ ನಾಲ್ಕು ಸ್ಲೈಸ್ ಬಿಳಿ ಬ್ರೆಡ್, ಹೆಚ್ಚೂಕಡಿಮೆ 100 ಗ್ರಾಂ. ಇನ್ನೊಂದರಲ್ಲಿ ಒಂದು ಟೀ ಚಮಚ ಪುಡಿ ಉಪ್ಪು, ತಲೆ ತಟ್ಟಿದ್ದು, 5 ಗ್ರಾಂ ಅಂದುಕೊಳ್ಳಿ. ಯಾವುದರಲ್ಲಿ ಸತ್ವ ಹೆಚ್ಚು?

ಬ್ರೆಡ್ಡಿನ ಲೆಕ್ಕ ಸುಲಭ. ಸುಮಾರು 260 ಕ್ಯಾಲೊರಿ, 50 ಗ್ರಾಂ ಹತ್ತಿರ ಕಾರ್ಬೋಹೈಡ್ರೇಟ್, ಎಂಟೊಂಬತ್ತು ಗ್ರಾಂ ಪ್ರೊಟೀನ್. ನಾರು ಮಾತ್ರ ಕಡಿಮೆ. ಗೋಧಿಯನ್ನ ಮೈದಾ ಮಾಡುವಾಗಲೇ ತೌಡು ಹೋಗಿರುತ್ತೆ.

ಉಪ್ಪಿನಲ್ಲಿ ಕ್ಯಾಲೊರಿ ಇಲ್ಲ, ಪ್ರೊಟೀನ್ ಇಲ್ಲ, ನಾರೂ ಇಲ್ಲ. ತೂಕದಲ್ಲಿ ನೂರಕ್ಕೆ 40 ಪಾಲು ಸೋಡಿಯಂ, ಮಿಕ್ಕಿದ್ದು ಕ್ಲೋರೈಡ್. ಹಾಗಂತ ಉಪ್ಪನ್ನ ತಳ್ಳಿಹಾಕಬೇಡಿ. ನರಗಳ ಸಂದೇಶ ಹರಿಯೋದಕ್ಕೆ, ಸ್ನಾಯು ಬಿಗಿಯೋದಕ್ಕೆ, ಮೈಯಲ್ಲಿ ನೀರಿನ ಹದ ಕಾಯೋದಕ್ಕೆ ಸೋಡಿಯಂ ಬೇಕೇ ಬೇಕು. ಅದನ್ನ ದೇಹ ತಾನೇ ತಯಾರಿಸಿಕೊಳ್ಳೋಕಾಗಲ್ಲ.

ಇನ್ನೊಂದು ಉಪಕಾರವನ್ನೂ ಉಪ್ಪು ಮಾಡಿದೆ. ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಎಷ್ಟೋ ಜನರಿಗೆ ಕತ್ತು ಊದಿಕೊಳ್ಳುವ ಗಳಗಂಡ ಇತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಅಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಕೊಡುವ ಪ್ರಯೋಗ ಶುರು ಮಾಡಿದರು. ಆ ಉಪ್ಪು ತಿಂದ ಊರುಗಳಲ್ಲಿ ಗಳಗಂಡ ಇಳಿಯುತ್ತಾ ಬಂತು. ಇವತ್ತು ನಮ್ಮ ಅಡುಗೆಮನೆಯ ಪ್ಯಾಕೆಟ್ ಮೇಲೆ ‘ಅಯೋಡಿನ್‌ಯುಕ್ತ’ ಅಂತ ಇರೋದರ ಹಿಂದೆ ಅವರ ಕೆಲಸ ಇದೆ. ಆಸ್ಟ್ರೇಲಿಯಾದಲ್ಲಿ 2009ರಿಂದ ಬ್ರೆಡ್ಡಿಗೆ ಹಾಕೋ ಉಪ್ಪು, ಸಾವಯವ ಬ್ರೆಡ್ ಬಿಟ್ಟರೆ, ಅಯೋಡಿನ್ ಬೆರೆಸಿದ್ದೇ ಆಗಿರಬೇಕು. ಅಲ್ಲಿ ಅಯೋಡಿನ್ ಮನೆಮನೆ ಸೇರೋದು ಬ್ರೆಡ್ಡಿನ ಮೂಲಕ.

ಅಂದರೆ ಬ್ರೆಡ್ಡಿನೊಳಗೇ ಉಪ್ಪಿದೆ, ಅದೂ ಕಡಿಮೆಯೇನಲ್ಲ. ಬೇಕರಿಯಲ್ಲಿ ಒಂದು ಕಿಲೋ ಮೈದಾಕ್ಕೆ ಸುಮಾರು 20 ಗ್ರಾಂ ಉಪ್ಪು ಬೀಳುತ್ತೆ. ಅದು ಬರೀ ರುಚಿಗಲ್ಲ. ಒಮ್ಮೆ ನಾನು ಮನೆಯಲ್ಲಿ ಉಪ್ಪು ಹಾಕದೆ ಹಿಟ್ಟು ನಾದಿದೆ. ಬೆರಳಿಗೆಲ್ಲ ಅಂಟಿತು, ಈಸ್ಟ್ ಸರಸರ ಉಬ್ಬಿ ಆಮೇಲೆ ಕುಸಿಯಿತು, ಬೆಂದ ಬ್ರೆಡ್ ಸಪ್ಪೆ ಸಪ್ಪೆ. ಕಣಕಕ್ಕೆ ಬಿಗಿ ಕೊಡೋದು, ಈಸ್ಟಿಗೆ ಲಗಾಮು ಹಾಕೋದು ಎರಡೂ ಉಪ್ಪಿನ ಕೆಲಸವೇ.

ಈಗ ಬ್ರೆಡ್ ಪ್ಯಾಕೆಟ್ ತಿರುಗಿಸಿ. ಅಲ್ಲಿ ಉಪ್ಪು ಅಂತ ಹುಡುಕಬೇಡಿ, ಸೋಡಿಯಂ ಅಂತ ಹುಡುಕಿ. 100 ಗ್ರಾಮಿಗೆ 500 ಮಿಲಿಗ್ರಾಂ ಅಂತಿದ್ದರೆ ಎರಡೂವರೆಯಿಂದ ಗುಣಿಸಿ. 1,250 ಮಿಲಿಗ್ರಾಂ, ಅಂದರೆ ಒಂದೂಕಾಲು ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಆ ಚಮಚದಷ್ಟೂ ಇಲ್ಲ. ಬೆಳಗಿನ ನಾಲ್ಕು ಸ್ಲೈಸಿನಲ್ಲೇ ಅದರ ಕಾಲು ಭಾಗ ಮುಗೀತು. ಬೆಣ್ಣೆಯ ಉಪ್ಪು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಮಧ್ಯಾಹ್ನದ ಸಾರು, ಉಪ್ಪಿನಕಾಯಿ, ಹಪ್ಪಳ ಎಲ್ಲಾ ಬಾಕಿ ಇದೆ.

ಮನೆಯಲ್ಲಿ ಬಿಪಿ ಇರುವವರಿಗೆ ಸಾರಿನ ಉಪ್ಪು ಕಡಿಮೆ ಮಾಡಿ, ಸಂಜೆ ಹಾಲಿನ ಜೊತೆ ಬ್ರೆಡ್ ಕೊಡುತ್ತೇವಲ್ಲ, ನನಗೆ ಚಿಂತೆ ಅಲ್ಲೇ. ಚಿಪ್ಸಿನ ಉಪ್ಪು ಮೇಲ್ಮೈಯಲ್ಲಿರುತ್ತೆ, ನಾಲಿಗೆಗೆ ಥಟ್ಟನೆ ಗೊತ್ತಾಗುತ್ತೆ. ಬ್ರೆಡ್ಡಿನದು ಒಳಗೆಲ್ಲಾ ಹರಡಿಕೊಂಡಿರುತ್ತೆ, ನಾಲಿಗೆಗೆ ಸಿಗಲ್ಲ.

ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಜೋಳದ ರೊಟ್ಟಿ ತಟ್ಟುವಾಗ ಹಿಟ್ಟಿಗೆ ಉಪ್ಪು ಹಾಕಲ್ಲ. ಜೊತೆಗಿರೋ ಎಣ್ಣೆಗಾಯಿಯಲ್ಲಿ ಇರುತ್ತೆ. ಎಷ್ಟು ಅನ್ನೋದು ಹಾಕಿದ ಕೈಗೆ ಗೊತ್ತಿರುತ್ತೆ.